ಗಾಜಿನ ಮೇಲಿನ ಗುರುತು

ಹೃದಯ ತೋರಿಸುವ ಟಚ್‌ಸ್ಕ್ರೀನ್ ಪರದೆಯನ್ನು ವಿಜ್ಞಾನ ಕೇಂದ್ರದಿಂದ ತೆಗೆದುಹಾಕುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಮೈಯಲ್ಲಿ ರಕ್ತ ಹೇಗೆ ಹರಿಯುತ್ತದೆಂದು ಜನರಿಗೆ ತೋರಿಸಲು ನಾನು ಎಂಟು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ್ದು ಅದು. ಪರದೆಯ ತುಂಬ ದೊಡ್ಡ ಹೃದಯ, ಕೆಳಗೆ ಮೂಲೆಯಲ್ಲಿ ‘ಆರಂಭಿಸಿ’ ಎಂಬ ಗುಂಡಿ. ಮೂರು ತಿಂಗಳಲ್ಲಿ ಆ ಗುಂಡಿ ಒತ್ತಿದವರು ನಲವತ್ತೇ ಜನ ಎಂದಿತು ಕಂಪ್ಯೂಟರ್. ಈ ಜನಕ್ಕೆ ವಿಜ್ಞಾನ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ ಎಂದು ಗೊಣಗುತ್ತ, ಸಂಜೆ ಪರದೆ ಆರಿಸಿ ತಂತಿ ಬಿಚ್ಚಲು ಹೋದೆ. ಕಪ್ಪಾದ ಗಾಜು ಗಲೀಜಾಗಿತ್ತು.

“ಏನಕ್ಕಾ, ಇವತ್ತು ಇದನ್ನ ಒರೆಸೇ ಇಲ್ವಾ?” ಎಂದು ಕಸ ಗುಡಿಸುತ್ತಿದ್ದ ಅಕ್ಕನ ಮೇಲೆ ರೇಗಿದೆ.

“ಹೇಗೂ ಕಿತ್ತು ಹಾಕ್ತೀರಲ್ಲ ಸಾರ್, ಅದಕ್ಕೇ ಬಿಟ್ಟೆ. ದಿನಾ ಇದನ್ನ ಒರೆಸಿ ಒರೆಸಿ ನನ್ನ ಕೈ ಬಿದ್ದುಹೋಗಿದೆ.”

“ಇದನ್ನ ಯಾರು ಮುಟ್ತಾರೆ?”

ಅವಳು ಪೊರಕೆಯ ಹಿಡಿಯಿಂದಲೇ ತೋರಿಸಿದಳು. ಹೃದಯವಿದ್ದ ಜಾಗದ ತುಂಬ ಬೆರಳಿನ ಗುರುತುಗಳು, ಒಂದರ ಮೇಲೊಂದು. ಗುಂಡಿಯಿದ್ದ ಮೂಲೆ ಮಾತ್ರ ಥಳಥಳ.

“ಬಂದವರೆಲ್ಲ ಹೃದಯಾನೇ ಒತ್ತಿ ಒತ್ತಿ ನೋಡ್ತಾರೆ. ಅದು ಕಲ್ಲಿನ ಹಾಗೆ ಸುಮ್ನಿರುತ್ತೆ. ಕೆಟ್ಟಿದೆ ಅಂದ್ಕೊಂಡು ಹೋಗ್ತಾರೆ, ಪಾಪ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

ಅವಳು ಗೋಡೆಯತ್ತ ನೋಡಿದಳು. ಅಲ್ಲೊಂದು ಸೂಚನೆ ಅಂಟಿಸಿತ್ತು: ‘ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಕಾಣಕೂಡದು. ಗಂಟೆಗೊಮ್ಮೆ ಒರೆಸಿ.’

ಕೆಳಗಿದ್ದ ಸಹಿ ನನ್ನದೇ.