ಬಚ್ಚಲ ಬಾಗಿಲ ಚುಕ್ಕೆಗಳು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ನಕ್ಷೆಯಕ್ಕ ಎಂದೇ ಕರೆಯುವುದು. ಯಾವ ವಾರ್ಡಿನಲ್ಲಿ ಏನು ಹೆಚ್ಚಿತು, ಏನು ತಗ್ಗಿತು ಎಂಬುದನ್ನು ದಾಖಲೆ ಪುಸ್ತಕದಿಂದ ಹೆಕ್ಕಿ, ಕಣ್ಣಿಗೆ ಕಾಣುವಂತೆ ಬರೆದುಕೊಡುವುದು ಅವಳ ಕೆಲಸ. ಈ ಸಲ ಹೆಂಗಸರ ಮೂರನೇ ವಾರ್ಡಿನಲ್ಲಿ ಜಾರಿಬಿದ್ದವರ ವಿಷಯ. ಆರು ತಿಂಗಳಲ್ಲಿ ಹತ್ತೊಂಬತ್ತು ಮಂದಿ; ಅವರಲ್ಲಿ ಹದಿನೈದು ಮಂದಿ ಬಿದ್ದದ್ದು ಬಚ್ಚಲ ಬಾಗಿಲಲ್ಲೇ. ಅಲ್ಲಿ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ ಎಂದು ಕೇಳಿ ಕೇಳಿ ಅವಳ ನಾಲಗೆ ಸವೆದಿತ್ತು. ಈಗಂತೂ ಅದೇ ವಾರ್ಡಿನಲ್ಲಿ ಅವಳ ದೊಡ್ಡಮ್ಮ ಮಲಗಿದ್ದಳು. ಎಪ್ಪತ್ತೆಂಟರ ಮುದುಕಿ, ಯಾರನ್ನೂ ಕರೆಯದೆ ತಾನೇ ಎದ್ದು ಹೋಗುವ ಸ್ವಭಾವ.

ಅಂಕಿ ಅಂಶ ಕೊಟ್ಟರೆ ಆಸ್ಪತ್ರೆಯ ಸಮಿತಿಯವರು ಓದುವುದಿಲ್ಲ. ಅದಕ್ಕೇ ವಾರ್ಡಿನ ನೆಲದ ನಕ್ಷೆ ಬರೆದು, ಬಿದ್ದವರು ಬಿದ್ದ ಜಾಗದಲ್ಲೇ ಒಂದೊಂದು ಕೆಂಪು ಚುಕ್ಕೆ ಇಟ್ಟಳು. ಬಾಗಿಲ ಬಳಿ ಚುಕ್ಕೆಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಗುಂಪುಗೂಡಿದವು. ಇನ್ನು ಮಾತೇ ಬೇಡವೆಂದು, ಅಚ್ಚುಮಾಡಿಸಲು ಆಸ್ಪತ್ರೆಯ ಚಿತ್ರಗಾರನ ಕೈಗೆ ಕೊಟ್ಟು ಬಂದಳು.

ಸಮಿತಿಯ ಸಭೆಯ ದಿನ ಬೆಳಿಗ್ಗೆ ಚಿತ್ರಗಾರ ಹಾಳೆಗಳನ್ನು ತಂದುಕೊಟ್ಟ. ಅವಳು ಬಿಡಿಸಿ ನೋಡಿದಳು. ಹತ್ತೊಂಬತ್ತೂ ಚುಕ್ಕೆಗಳು ವಾರ್ಡಿನ ತುಂಬ, ಅಳೆದು ನೆಟ್ಟ ಸಸಿಗಳಂತೆ, ಸಮವಾಗಿ ನಿಂತಿದ್ದವು.

"ಏನಪ್ಪಾ ಇದು?"

"ಒಂದರ ಮೇಲೊಂದು ಕೂತು ಗಿಜಿಗಿಜಿ ಅಂತಿತ್ತಕ್ಕಾ. ಬಿಡಿಸಿ ನೀಟಾಗಿ ಜೋಡಿಸ್ದೆ. ಹತ್ತೊಂಬತ್ತೇ ಇದೆ, ಬೇಕಾದ್ರೆ ಎಣಿಸ್ಕೊಳ್ಳಿ."

"ಅಯ್ಯೋ ಪುಣ್ಯಾತ್ಮ, ಅವರು ಬಿದ್ದಿರೋದೇ ಗಿಜಿಗಿಜಿಯಾಗಿ ಕಣೋ! ನಿನ್ನ ಅಂದಕ್ಕೋಸ್ಕರ ದೂರ ದೂರ ಬೀಳ್ಬೇಕಿತ್ತಾ?"

"ಕಿಟಕಿ ಹತ್ರ ಖಾಲಿ ಖಾಲಿ ಇತ್ತಲ್ಲಾ ಅಂತ..."

"ಅಲ್ಲಿ ಯಾರೂ ಬಿದ್ದಿಲ್ಲ, ಅದಕ್ಕೇ ಖಾಲಿ!"

ಮತ್ತೆ ಅಚ್ಚುಮಾಡಿಸಲು ಹೊತ್ತಿರಲಿಲ್ಲ. ಸಭೆಯಲ್ಲಿ ಅಧ್ಯಕ್ಷರು ಹಾಳೆಯನ್ನು ದೂರ ಹಿಡಿದು ತಲೆದೂಗಿದರು.

"ಚಿತ್ರ ಬಹಳ ಚೆನ್ನಾಗಿದೆ. ಆದ್ರೆ ನೋಡಮ್ಮಾ, ಎಲ್ಲಾ ಕಡೆ ಬೀಳ್ತಾರೆ ಅಂದ್ಮೇಲೆ ಒಂದು ಕಂಬಿ ಏನ್ಮಾಡುತ್ತೆ? 'ನಿಧಾನವಾಗಿ ನಡೆಯಿರಿ' ಅಂತ ಒಂದು ಬೋರ್ಡು ಹಾಕ್ಸಿಬಿಡೋಣ."

ನಕ್ಷೆಯಕ್ಕನ ಸಹನೆಯ ಕಟ್ಟೆ ಒಡೆಯಿತು. ಎದ್ದು ಹೋಗಿ ಅವರ ಹಾಳೆಯನ್ನು ಮಗುಚಿ, ನಾಲ್ಕು ಗೋಡೆ, ಒಂದು ಬಚ್ಚಲ ಬಾಗಿಲು ಗೀಚಿದಳು. ಪೆನ್ನನ್ನು ಅವರ ಕೈಗೇ ಕೊಟ್ಟಳು.

"ನಾನು ಓದ್ತೀನಿ ಸಾರ್. ಚುಕ್ಕೆ ನೀವೇ ಇಡಿ."

ದಾಖಲೆ ಪುಸ್ತಕ ತೆರೆದು, ಬಾಯಿಪಾಠದ ಪದ್ಯ ಒಪ್ಪಿಸುವವಳಂತೆ, ದನಿ ಏರಿಸದೆ ತಗ್ಗಿಸದೆ ಓದತೊಡಗಿದಳು. "ಐದನೇ ಬೆಡ್ಡಿನ ಅಜ್ಜಿ, ಬಚ್ಚಲ ಬಾಗಿಲು. ಎಂಟನೇ ಬೆಡ್ಡಿನ ಟೀಚರು, ಬಚ್ಚಲ ಬಾಗಿಲು. ಎರಡನೇ ಬೆಡ್ಡಿನವರು, ಬಚ್ಚಲ ಬಾಗಿಲು."

"ಮತ್ತೆ ಅಲ್ಲೇನಾ?" ಏಳನೆಯದಕ್ಕೆ ಅಧ್ಯಕ್ಷರು ಕೇಳಿದರು.

"ಅಲ್ಲೇ ಸಾರ್."

ಹನ್ನೊಂದನೆಯ ಚುಕ್ಕೆಗೆ ಪೆನ್ನಿನ ಮೊನೆ ಹಾಳೆಯನ್ನು ತೂರಿ ಮೇಜಿಗೆ ತಾಗಿತು. ಅಧ್ಯಕ್ಷರು ಆ ತೂತನ್ನೇ ನೋಡುತ್ತ ಕುಳಿತರು.

"ಸಾಕಮ್ಮಾ. ಯಾವ ಕಡೆ ಗೋಡೆಗೆ ಹಾಕಿಸ್ಬೇಕು?"

"ಎರಡೂ ಕಡೆ."

"ಗುರುವಾರ ಹಾಕಿಸ್ತೀನಿ."

ಅವಳು ನೇರ ವಾರ್ಡಿಗೆ ನಡೆದಳು.

"ದೊಡ್ಡಮ್ಮಾ, ಕಂಬಿ ಬರುತ್ತೆ. ಗುರುವಾರದ ತನಕ ಒಬ್ಬಳೇ ಏಳ್ಬೇಡ. ಗಂಟೆ ಒತ್ತು, ನರ್ಸ್ ಬರ್ತಾರೆ."

"ಒತ್ತಿದ್ದೆ ಕಣೇ ಆಗ್ಲೇ. ಅವ್ರು ಬರೋದ್ರೊಳಗೆ ಹೋಗ್ಬಂದೂ ಆಯ್ತು."

ನಕ್ಷೆಯಕ್ಕ ಹಣೆ ಚಚ್ಚಿಕೊಂಡಳು. ಒಂದು ಸ್ಟೂಲು ಎಳೆದು, ಮಂಚಕ್ಕೂ ಬಚ್ಚಲಿಗೂ ನಡುವೆ ದಾರಿಗಡ್ಡವಾಗಿ ಕುಳಿತುಬಿಟ್ಟಳು.