ಹೆಚ್ಚಾಗ್ಯಾವ

ಕುಣಿಯಲ್ಲಿ ಕೂರಿಸಿದ ಹೆಣ ಮತ್ತೆ ಬಲಕ್ಕೆ ವಾಲಿತು. ಒಳಗಿಳಿದಿದ್ದ ಸಂಗಯ್ಯಸ್ವಾಮಿ ಭುಜ ಹಿಡಿದುಕೊಂಡು, "ಏ ತಮ್ಮಾ, ಮ್ಯಾಲೆ ನಿಂತು ಏನ್ ನೋಡ್ತಿ? ಒಂದ್ ಕಲ್ಲ ಕೊಡು, ಮಗ್ಗಲಕ್ಕ ಇಡೂಣು" ಎಂದರು.

ವಿಜಯಮಹಾಂತೇಶ ಕಲ್ಲು ಕೊಟ್ಟ. ಮನೆಯಿಲ್ಲದವರಿಗೆ ಔಷಧ ಮುಟ್ಟಿಸುವುದು, ಬಾಗಲಕೋಟೆಯ ಆಶ್ರಯ ಕೇಂದ್ರದಲ್ಲಿ ಖೋಲಿ ಕೊಡಿಸುವುದು ಅವನ ನೌಕರಿ. ಶಿವಲಿಂಗವ್ವ ಕುಳಗೇರಿ ಕ್ರಾಸಿನ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದವಳು. ಲಕ್ವಾ ಹೊಡೆದು ನಿನ್ನೆ ಅಲ್ಲೇ ಸತ್ತಿದ್ದಳು. ಕೊರಳಲ್ಲಿ ಲಿಂಗವಿತ್ತೆಂದು ಸ್ವಾಮಿಗಳು ತಾವಾಗಿಯೇ ಬಂದಿದ್ದರು.

"ಸಾಯೂ ದಿನಾನೂ ನನ್ನ ಬೈದಳ ನೋಡ್ರಿ, ಚಾದಾಗ ಸಕ್ರಿ ಇಲ್ಲ ಅಂತ" ಎಂದು ಚಹಾದಂಗಡಿಯ ದೌಲತಬಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿನ್ನ ಚಾದಾಗ ಯಾವತ್ತ ಸಕ್ರಿ ಇತ್ತಬೇ?" ಕುಣಿಯೊಳಗಿಂದ ಸ್ವಾಮಿಗಳು ಕೇಳಿದರು.

ದೌಲತಬಿ ಅಳುತ್ತಲೇ ನಕ್ಕಳು. ವಿಜಯಮಹಾಂತೇಶ ನಗಲಿಲ್ಲ. "ಗುಳಿಗಿ ಬರೋಬರಿ ನುಂಗಿದ್ರ ಬದುಕ್ತಿದ್ಲು."

"ದಿನಾ ನುಂಗ್ತಿದ್ಲಲ್ಲೋ. ನೀರ ನಾನ ಕೊಡ್ತಿದ್ನಿ."

"ನುಂಗಿದ್ರ ಹಿಂಗ್ಯಾಕ ಆಗ್ತಿತ್ತು?" ಬೆಳಿಗ್ಗೆ ಆಫೀಸಿನ ಸಾಹೇಬರಿಗೂ ಫೋನಿನಲ್ಲಿ ಅವನು ಹೀಗೇ ಹೇಳಿದ್ದ.

*

ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಅವನು ಬೈಕಿನಿಂದ ಇಳಿಯದೆಯೇ ಶಿವಲಿಂಗವ್ವನನ್ನು ಕೇಳಿದ್ದ.

"ಆಯಿ, ಬಿ.ಪಿ. ಗುಳಿಗಿ ಅದಾವಿಲ್ಲೋ?"

"ಹೆಚ್ಚಾಗ್ಯಾವೋ ಯಪ್ಪಾ."

"ನುಂಗದ ಇಟ್ಕೊಂಡ್ರ ಹೆಚ್ಚಾಗಲಾರದ ಏನ್ ಮಾಡ್ತಾವ? ಮೊದಲ ಅವನ್ನ ಖಾಲಿ ಮಾಡು. ಆಮ್ಯಾಲೆ ಖೋಲಿ."

"ಖಾಲಿ ಅನಬಾರದು, ಬಿಡ್ತು ಅನ್ನು!" ಅವಳು ಗಾಬರಿಯಾದಳು.

ಅವನಿಗೆ ನಗು ಬಂತು. ತಂದಿದ್ದ ಗುಳಿಗೆಗಳನ್ನು ತಿರುಗಿ ಬ್ಯಾಗಿಗೆ ಹಾಕಿಕೊಂಡು ಗಾಡಿ ಎಬ್ಬಿಸಿದ. ಅವಳು ಕೈ ಚಾಚಿದಳು. ಹೋಗಿ ಬಾ ಎನ್ನುತ್ತಿದ್ದಾಳೆಂದು ತಿಳಿದು ಅವನೂ ಕೈ ಬೀಸಿದ.

*

"ತಮ್ಮಾ, ವಿಭೂತಿ ಹೆಚ್ಚಾಗೇತಿ" ಎಂದರು ಸ್ವಾಮಿಗಳು.

"ತಡೀರಿ ಅಜ್ಜಾರ, ತರ್ತೇನಿ."

ಬೈಕಿನ ಹತ್ತಿರ ಹೋಗಿ ಕೀಲಿ ಹಾಕಿದ. ಕೀಲಿ ತಿರುವಲಿಲ್ಲ.

ಹೆಚ್ಚಾಗಿದೆ ಎಂದರು, ತಾನು ತರಲು ಹೊರಟಿದ್ದಾನೆ. ಮನೆಯಲ್ಲಿ ಜೋಳ ತೀರಿದರೆ ಅವನ ಅವ್ವ ತೀರಿತು ಎಂದವಳಲ್ಲ. "ಜ್ವಾಳ ಹೆಚ್ಚಾಗ್ಯಾವ" ಎನ್ನುತ್ತಿದ್ದಳು. ಚೀಲ ಹಿಡಿದು ಅಂಗಡಿಗೆ ಓಡುತ್ತಿದ್ದವನು ಇವನೇ.

"ಯಾಕೋ, ಗಾಡಿ ಚಾಲೂ ಆಗವಲ್ದೇನು?" ದೌಲತಬಿ ಕೂಗಿದಳು.

ಹೇಳಬೇಕೆಂದು ಬಾಯಿ ತೆರೆದ. "ಆಕ್ಕೇತಿ" ಎಂದಷ್ಟೇ ಹೇಳಿದ.

ಕ್ರಾಸಿನಿಂದ ವಿಭೂತಿ ತಂದು ಕುಣಿಯ ಅಂಚಿನಲ್ಲಿ ಬಗ್ಗಿದಾಗ ಹೆಗಲಿನ ಬ್ಯಾಗು ಮುಂದಕ್ಕೆ ಜಾರಿತು. ಒಳಗೆ ಗುಳಿಗೆಯ ಪಟ್ಟಿಗಳು ಚರಚರ ಎಂದವು.

"ಏನದು ಸಪ್ಪಳ?" ಎಂದರು ಸ್ವಾಮಿಗಳು.

"ಏನಿಲ್ರಿ."

ಸ್ವಾಮಿಗಳು ಲಿಂಗ ಇಡಲೆಂದು ಶಿವಲಿಂಗವ್ವನ ಎಡಗೈ ಮುಂದಕ್ಕೆ ಎಳೆದು, ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬರಿದಾದ ಅಂಗೈ ಅವನ ಕಡೆಗೇ ಚಾಚಿಕೊಂಡಿತ್ತು.