ಮುಖಪುಟ ಹರಿದ ಕಿಡಿವೀರ

ಸಿಂಧನೂರಿನ ಮನೆಗೆ ಬಣ್ಣ ಹಚ್ಚಿಸುವಾಗ ಅಂಬಿಕಾಳಿಗೆ ಅತ್ತಿಗೆ ಫೋನ್ ಮಾಡಿದಳು. “ನಿಮ್ಮಣ್ಣನ ಹಳೇ ಪುಸ್ತಕ ಒಂದು ಟ್ರಂಕ್ ತುಂಬ ಅದಾವ. ನೀ ಒಯ್ತೀಯೋ, ರದ್ದಿಗೆ ಹಾಕ್ಲೋ?”

ಅಣ್ಣ ಸುನೀಲ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಅಂಬಿಕಾ ಮರುದಿನವೇ ರಜೆ ಹಾಕಿ ಹೋದಳು. ಕಂಡಕ್ಟರನನ್ನು ಒಪ್ಪಿಸಿ, ಟ್ರಂಕನ್ನು ಬಸ್ಸಿನ ಹಿಂದಿನ ಸೀಟಿನ ಬಳಿ ಇಡಿಸಿಕೊಂಡು ಲಿಂಗಸುಗೂರಿಗೆ ತಂದಳು. ಅಲ್ಲಿ ಅವಳು ನೀರಾವರಿ ಕಚೇರಿಯಲ್ಲಿ ಗುಮಾಸ್ತೆ. ಐವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಶನಿವಾರ ಸಂಜೆ ಕಚೇರಿ ಬಿಟ್ಟರೆ ಸೋಮವಾರದವರೆಗೆ ಅವಳು ಮಾತಾಡುತ್ತಿದ್ದುದು ಹಾಲಿನವನ ಜೊತೆ ಮಾತ್ರ.

ಟ್ರಂಕಿನ ತುಂಬ ಚಿತ್ರಕಥೆಗಳು. ಅಪ್ಪನಿಗೆ ಮಸ್ಕಿಯಲ್ಲಿ ನೌಕರಿ ಇದ್ದಾಗ ಅಣ್ಣತಂಗಿ ಓದಿದವು. ಇಬ್ಬರೂ ಒಂದೇ ಪುಸ್ತಕದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಸುನೀಲನದು ಓಟದ ಓದು. ಪುಟ ಮುಗಿಸಿ ಅದರ ಮೂಲೆ ಹಿಡಿದುಕೊಂಡು, “ಆತೇನ?” ಎಂದು ಅವಳಿಗಾಗಿ ಕಾಯುತ್ತಿದ್ದ. ಮುಂದೆ ಬಾಡಿಗೆ ಪುಸ್ತಕದ ಅಂಗಡಿ ಮುಚ್ಚಿದಾಗ ಅವನು ಅಲ್ಲಿದ್ದದ್ದನ್ನೆಲ್ಲ ಕೊಂಡುಕೊಂಡಿದ್ದ.

ಸಾಲಾಗಿ ಜೋಡಿಸಿ ಒಂದು ಪಟ್ಟಿ ಮಾಡಿಡೋಣ ಎಂದು ಅಂಬಿಕಾ ಕುಳಿತಳು. ಕೆಲಸ ಸಲೀಸಾಗಿರಲಿಲ್ಲ. ಮೊದಲು ಬರುತ್ತಿದ್ದದ್ದು ‘ಕಿಡಿವೀರ’. ಅದರ ಪ್ರಕಾಶಕರಾದ ಅಣ್ಣತಮ್ಮಂದಿರು ಬೇರೆಯಾದಾಗ ಅವರಲ್ಲಿ ತಮ್ಮನಾದವನು ‘ಹೊಸ ಕಿಡಿವೀರ’ ಎಂದು ಮತ್ತೆ ಒಂದರಿಂದ ಶುರು ಮಾಡಿದ್ದ. ಅವನ ಅಣ್ಣ ‘ಕಿಡಿವೀರ ಚಿತ್ರಮಾಲೆ’ ಎಂದು ಹೆಸರು ಬದಲಿಸಿ ಹಳೆಯ ಸಂಖ್ಯೆಯನ್ನೇ ಮುಂದುವರಿಸಿದ್ದ. ಅದೇ ಕಥೆಗಳನ್ನು ಇಬ್ಬರೂ ಬೇರೆ ಬೇರೆ ಸಂಖ್ಯೆ ಹಾಕಿ ಮರುಮುದ್ರಿಸಿದ್ದರು. ಏಳನೆಯ ಸಂಚಿಕೆ ಎಂದರೆ ಯಾವ ಏಳು? ಮಾಲೆಯ ಹೆಸರು, ಸಂಖ್ಯೆ ಎರಡೂ ಇರುತ್ತಿದ್ದದ್ದು ಮುಖಪುಟದ ಮೇಲೆ ಮಾತ್ರ. ಅರ್ಧಕ್ಕರ್ಧ ಪುಸ್ತಕಗಳಿಗೆ ಮುಖಪುಟವೇ ಇರಲಿಲ್ಲ. ಹರಿದದ್ದನ್ನು ಕಿತ್ತು, ಅಂಗಡಿಯವನು ರಟ್ಟು ಹಾಕಿ ಹೊಲಿದಿದ್ದ. ಒಳಗೆ ನೀಲಿ ಮುದ್ರೆ: ಇಮಾಮ್‌ಸಾಬ್, ಬಾಡಿಗೆ ಪುಸ್ತಕದಂಗಡಿ, ಮಸ್ಕಿ.

ಕಚೇರಿಯಲ್ಲಿ ಮಸ್ಕಿಯವರೊಬ್ಬರು ಇಮಾಮ್‌ಸಾಬನ ಫೋನ್ ನಂಬರ್ ಹುಡುಕಿಕೊಟ್ಟರು.

“ಯಾರವ್ವಾ?” ಎಂದಿತು ಆ ಕಡೆಯ ಮುದಿ ದನಿ. ಅವಳು ತನ್ನ ಹೆಸರು, ಅಣ್ಣನ ಹೆಸರು ಹೇಳಿ ವಿಷಯ ತಿಳಿಸಿದಳು.

“ಕಣ್ಣು ಹೋಗ್ಯಾವ ಬೇಟಿ. ಆದ್ರ ನೀ ಕಥಿ ಹೇಳು, ನಂಬರ್ ನಾ ಹೇಳ್ತೀನಿ.”

ಅವಳು ಕೋಟೆಗೆ ಬೆಂಕಿ ಬೀಳುವ ಕಥೆ ಹೇಳತೊಡಗಿದಳು. ಅವನು “ಆಮ್ಯಾಲೆ?” ಎನ್ನುತ್ತ ಕೊನೆಯವರೆಗೂ ಕೇಳಿದ. ತುಸು ತಡೆದು, “ಹೊಸ ಕಿಡಿವೀರ, ಒಂಬತ್ತು. ಬರ್ಕೋ,” ಎಂದ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಇದೇ ಆಯಿತು. ಒಂದು ಕಥೆ, ಒಂದು ಸಂಖ್ಯೆ. ನಡುನಡುವೆ ಅವನು ಸುನೀಲನನ್ನೂ ನೆನೆಯುತ್ತಿದ್ದ. “ನಿಮ್ಮಣ್ಣ ನಮ್ಮಂಗಡಿ ಕಟ್ಟಿ ಮ್ಯಾಲ ಕುಂತು ಒಬ್ಬನ ನಗ್ತಿದ್ದ ನೋಡು,” ಎನ್ನುತ್ತಿದ್ದ. ಅಣ್ಣನ ವಿಷಯ ತೆಗೆದರೆ ಅತ್ತಿಗೆ ಕೂಡ ಮಾತು ಬದಲಿಸುತ್ತಿದ್ದ ದಿನಗಳು ಅವು. ಅಂಬಿಕಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದಳು.

ಒಂದು ದಿನ ಸಾಲಗುಂದದಿಂದ ಅಣ್ಣನ ಗೆಳೆಯ ಗದ್ದೆಪ್ಪ ಬಂದ. “ಸುನೀಲ ಓದಾಕ ಕೊಟ್ಟಿದ್ದ. ನನ್ನ ಕಡೇನ ಉಳಿದಿದ್ವು,” ಎಂದು ಒಂದು ಕಟ್ಟು ಕೊಟ್ಟು ಹೋದ. ಅಂಬಿಕಾ ಬಿಚ್ಚಿ ನೋಡಿದರೆ ಎಲ್ಲದಕ್ಕೂ ಮುಖಪುಟವಿತ್ತು. ಉರಿಯುವ ಕೋಟೆಯ ಕಥೆಯೂ ಇತ್ತು, ‘ಕಿಡಿವೀರ, ಹದಿನಾಲ್ಕು’ ಎಂದು. ಮರುಮುದ್ರಣ ಇರಬಹುದೆಂದು ತನ್ನ ಪ್ರತಿಯನ್ನು ಪಕ್ಕಕ್ಕಿಟ್ಟು ನೋಡಿದಳು. ಅದೇ ಅಚ್ಚು, ಅದೇ ಜಾಹೀರಾತು, ಕೊನೆಯ ಪುಟದಲ್ಲಿ ಅದೇ ತಪ್ಪು ಅಕ್ಷರ. ಉಳಿದವನ್ನೂ ತಾಳೆ ನೋಡಿದಳು. ಇಮಾಮ್‌ಸಾಬ್ ಹೇಳಿದ್ದರಲ್ಲಿ ಒಂದೂ ಸರಿಯಿರಲಿಲ್ಲ.

ಮುಂದಿನ ಭಾನುವಾರ ಅವಳು ಫೋನ್ ಮಾಡಲಿಲ್ಲ. ಮಸ್ಕಿಯ ಬಸ್ಸು ಹತ್ತಿದಳು. ಇಮಾಮ್‌ಸಾಬ್ ಮಗನ ಮನೆಯ ಮುಂದಿನ ಕೋಣೆಯಲ್ಲಿ, ಮಂಚದ ಮೇಲೆ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಒಳಗೆ ಟಿವಿ ಜೋರಾಗಿತ್ತು. ಸೊಸೆ ಖಾಸಿಂಬೀ, “ಲಿಂಗಸುಗೂರಿನವ್ರು ಬಂದಾರ ನೋಡ್ರಿ,” ಎಂದು ಹೇಳಿ ಚಹಾ ಮಾಡಲು ಹೋದಳು. ಮುದುಕನ ಮುಖ ಅರಳಿತು. ಟೋಪಿ ಸರಿಪಡಿಸಿಕೊಂಡ.

ಅಂಬಿಕಾ ನಿಂತೇ ಹೇಳಿದಳು. “ಕಾಕಾ, ನೀವು ಹೇಳಿದ ನಂಬರ್ ಎಲ್ಲಾ ತಪ್ಪದಾವ.”

ಅವನ ಕೈ ಟೋಪಿಯ ಮೇಲೆಯೇ ಉಳಿಯಿತು. “ಅಷ್ಟು ವರ್ಷದ ನಂಬರ್ ಯಾರಿಗೆ ನೆನಪಿರ್ತಾವ ಬೇಟಿ? ಗೊತ್ತಿಲ್ಲ ಅಂದಿದ್ರ ನೀ ಅವತ್ತ ಫೋನ್ ಇಟ್ಟುಬಿಡ್ತಿದ್ದಿ.”

ನಂಬರಿನ ಸಿಟ್ಟು ಅವಳಿಗೆ ಅಲ್ಲಿಯೇ ಇಳಿಯಿತು. ಆದರೆ ಬೇರೊಂದು ಅಂಜಿಕೆ ಹುಟ್ಟಿತು. “ಮತ್ತ ನಮ್ಮಣ್ಣ? ಕಟ್ಟಿ ಮ್ಯಾಲ ಕುಂತು ನಗ್ತಿದ್ದ ಅಂದ್ರಲ್ಲ?”

ಅವನು ಟೋಪಿಯಿಂದ ಕೈ ಇಳಿಸಿದ. “ಭಾಳ ಹುಡುಗ್ರು ಬರ್ತಿದ್ರವ್ವಾ. ಕುಂದ್ರತಿದ್ರು, ನಗ್ತಿದ್ರು. ಅದ್ರಾಗ ಅವನೂ ಇದ್ದಿರಬೇಕು.”

ಅಂಬಿಕಾ ಚಹಾ ಕುಡಿಯದೆ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಆ ಅಣ್ಣನನ್ನು, ಅವನು ಓದುತ್ತಿದ್ದ ರೀತಿಯನ್ನು ಕಂಡವಳು ಈಗ ತಾನೊಬ್ಬಳೇ. ಅಪ್ಪ ಅಮ್ಮ ಹೋದಾಗಲೂ ಅವಳಿಗೆ ಇಷ್ಟು ಬರಿದೆನಿಸಿರಲಿಲ್ಲ.

ಪಟ್ಟಿಯನ್ನು ಮತ್ತೆ ಮೊದಲಿನಿಂದ ಬರೆದಳು. ಗದ್ದೆಪ್ಪನ ಕಟ್ಟಿನಲ್ಲೂ ಜೋಡಿ ಸಿಗದ, ಮುಖಪುಟವಿಲ್ಲದ ಪುಸ್ತಕಗಳ ಮುಂದೆ ‘ಗೊತ್ತಿಲ್ಲ’ ಎಂದು ಬರೆಯುತ್ತ ಹೋದಳು. ಕೆಲಸ ಮುಗಿಯಿತು. ಭಾನುವಾರಗಳು ಮತ್ತೆ ಉದ್ದವಾದವು. ಇಮಾಮ್‌ಸಾಬ್ ತಾನಾಗಿ ಫೋನ್ ಮಾಡಲಿಲ್ಲ. ನಂಬರ್ ಒತ್ತಿಕೊಡಿ ಎಂದು ಯಾರನ್ನಾದರೂ ಕೇಳಬೇಕಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವಳೇ ಮಾಡಿದಳು.

“ಯಾವ ಕಥಿ ಬೇಟಿ?” ಎಂದು ಅವನು ಮೆಲ್ಲಗೆ ಕೇಳಿದ.

“ಕಥಿ ಏನಿಲ್ಲ ಕಾಕಾ. ಸುಮ್ನ ಮಾಡೀನಿ.”

“ಹೌದಾ. ಛಲೋ ಆತು.”

 ಆ ಕಡೆ ಬೀದಿಯಲ್ಲಿ ಹಾದುಹೋಗುವ ಟ್ರ್ಯಾಕ್ಟರಿನ ಸದ್ದು ಅವಳಿಗೆ ಕೇಳಿಸಿತು. ಊಟದ ಮಾತಾಯಿತು, ಮಳೆಯ ಮಾತಾಯಿತು. ಕೊನೆಗೆ ಅವನು, “ಓದಿ ಹೇಳಾವ್ರು ಇಲ್ಲಿ ಯಾರೂ ಇಲ್ಲ ನೋಡು,” ಎಂದ.

ಮುಂದಿನ ವಾರ ಅವಳು ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಮಸ್ಕಿಗೆ ಹೋದಳು. ಚಹಾ ಕುಡಿದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಓದತೊಡಗಿದಳು. ಪ್ರತಿ ಚಿತ್ರದಲ್ಲಿ ಏನಿದೆ ಎಂದು ವಿವರಿಸಿ, ಅದರ ಮಾತು ಓದಿ, ಮುಂದಿನದಕ್ಕೆ ಹೋಗುತ್ತಿದ್ದಳು. ಅವನು ಒಮ್ಮೆ ಜೋರಾಗಿ ನಕ್ಕ. ಎರಡನೆಯ ಕಥೆಯ ನಡುವಿನಲ್ಲಿ ಅವನ ತಲೆ ಗೋಡೆಗೆ ವಾಲಿತು, ನಿದ್ದೆ ಹತ್ತಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಬಿಕಾ ದನಿ ತಗ್ಗಿಸಿದಳು, ನಿಲ್ಲಿಸಲಿಲ್ಲ.